ಸೋರೆಯ ನೆರಳು

ಭಾಷಾಂತರಕಾರರ ಪೋಷಕಸಂತನೆಂದು ಜೆರೋಮನನ್ನು ಕೊಂಡಾಡುವವರು, ಅವನ ಅನುವಾದಕ್ಕೆ ಗದ್ದಲವೆಬ್ಬಿಸಿದ ಭಕ್ತರನ್ನು ಅಜ್ಞರೆಂದು ಬದಿಗೆ ಸರಿಸುವುದುಂಟು. ನನಗದು ಒಪ್ಪಿಗೆಯಿಲ್ಲ.

ಕ್ರಿ.ಶ. 403ರ ಸುಮಾರಿಗೆ ಆಗಸ್ಟೀನನು ಅವನಿಗೊಂದು ಪತ್ರ ಬರೆದ. ಉತ್ತರ ಆಫ್ರಿಕದ ಓಯಾ ಪಟ್ಟಣದ (ಇಂದಿನ ಟ್ರಿಪೋಲಿ) ಚರ್ಚಿನಲ್ಲಿ ಜೆರೋಮನ ಲ್ಯಾಟಿನ್ ಪಾಠದಿಂದ ಯೋನನ ಕಥೆಯನ್ನು ಓದಿದಾಗ, ತಲೆಮಾರುಗಳಿಂದ ಕಿವಿಗೆ ಬಿದ್ದಿದ್ದ ಒಂದು ಪದ ಬದಲಾಗಿತ್ತೆಂದು ಜನ ರೇಗಿದರಂತೆ. ಯಾವ ಪದವೆಂದು ಅವನು ತಿಳಿಸಲಿಲ್ಲ. ಪ್ರವಾದಿಗೆ ನೆರಳಿತ್ತ ಸೋರೆಯನ್ನು ತಾನು ಐವಿ ಬಳ್ಳಿಯಾಗಿಸಿದ್ದೇ ಕಾರಣವಿರಬೇಕೆಂದು ಜೆರೋಮನೇ ಊಹಿಸಿ, ವ್ಯಂಗ್ಯ ಬೆರೆಸಿ ಉತ್ತರಿಸಿದ.

ಸ್ವಾರಸ್ಯವಿರುವುದು ಆ ಉತ್ತರದಲ್ಲಿ. ಮೂಲದ ಹೀಬ್ರೂ ಗಿಡ ದ್ರಾಕ್ಷಿಯಂತೆ ಅಗಲವಾದ ಎಲೆಯದು, ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ನಿಲ್ಲುವಂಥದು. ಅದಕ್ಕೆ ಲ್ಯಾಟಿನ್ ಹೆಸರಿಲ್ಲ, ಹಿಂದಿನ ಗ್ರೀಕ್ ಅನುವಾದಕರನ್ನು ನೋಡಿ ಐವಿ ಎಂದೆ, ಎನ್ನುತ್ತಾನೆ. ವರ್ಣನೆ ನಮ್ಮ ಹೊಲದಂಚಿನ ಹರಳುಗಿಡಕ್ಕೆ ಸರಿಹೊಂದುತ್ತದೆ. ಅನೇಕ ವಿದ್ವಾಂಸರ ಮತವೂ ಅದೇ. ಅಂದರೆ ಐವಿಯೂ ಸರಿಯಲ್ಲ! ಹೀಬ್ರೂ ಮೂಲಕ್ಕೆ ಮರಳಿದ ಅವನ ಪಾಂಡಿತ್ಯ ದೊಡ್ಡದೇ. ಆದರೆ ಒಂದು ತಪ್ಪಿನ ಬದಲು ಇನ್ನೊಂದನ್ನಿಡಲು ಜನರ ನೆನಪನ್ನು ಕೆಡಿಸಬೇಕಿತ್ತೇ? ಗ್ರೀಕ್ ಪಾಠಕ್ಕೇ ಅಂಟಿಕೊಂಡ ಆಗಸ್ಟೀನನ ವಾದ ದುರ್ಬಲ, ಅವನ ಆತಂಕವಲ್ಲ. ಧರ್ಮಗ್ರಂಥವನ್ನು ಬಹುಪಾಲು ಜನ ಓದುತ್ತಿರಲಿಲ್ಲ, ಕೇಳುತ್ತಿದ್ದರು.

ಓಯಾದ ಬಿಷಪನಾದರೋ, ಸಭೆಯೇ ಬರಿದಾದೀತೆಂದು ಬೆದರಿ ಪದವನ್ನು ತಿದ್ದಿಕೊಂಡ.