ಹೊಂದಿಕೊಳ್ಳುವ ವಿದ್ಯೆ

ಮಹಾವಿಪತ್ತುಗಳನ್ನು ಎದುರಿಸುವಾಗ ಮನುಷ್ಯನು ತೋರಿಸುವ ಧೈರ್ಯವು ಲೋಕಪ್ರಸಿದ್ಧವಾದುದು. ಅದೇ ಮನುಷ್ಯನು ಬೆಳಗಿನ ಐದೂವರೆ ಗಂಟೆಗೆ ಪಕ್ಕದ ಮನೆಯ ಮಿಕ್ಸಿಯ ಸದ್ದಿಗೆ ಎಚ್ಚೆತ್ತಾಗ ತೋರಿಸುವ ಮುಖವು ಅಷ್ಟು ಪ್ರಸಿದ್ಧವಲ್ಲ. ಸತ್ಯಹರಿಶ್ಚಂದ್ರನು ರಾಜ್ಯವನ್ನು ಕಳೆದುಕೊಂಡನು, ಹೆಂಡತಿಯನ್ನು ಮಾರಿದನು, ಸುಡುಗಾಡನ್ನು ಕಾದನು, ಇವೆಲ್ಲವೂ ನಿಜವೇ. ಆದರೆ ಆ ಪುಣ್ಯಾತ್ಮನು ಗ್ಯಾಸಿನ ಸಿಲಿಂಡರು ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ಇಡೀ ದಿವಸ ಮನೆಯ ಬಾಗಿಲನ್ನು ಕಾದವನಲ್ಲ. ಕಾದಿದ್ದರೆ ಅವನ ಬಾಯಿಂದ ಯಾವ ಮಾತು ಹೊರಡುತ್ತಿತ್ತೆಂಬುದನ್ನು ನಾನು ಊಹಿಸಲಾರೆ. ದೊಡ್ಡ ಕಷ್ಟಗಳಿಗೆ ಪುರಾಣಗಳುಂಟು. ಸಣ್ಣ ಕಿರುಕುಳಗಳಿಗೆ ಯಾವ ಪುರಾಣವೂ ಇಲ್ಲ. ಆದುದರಿಂದ ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ಓದತಕ್ಕ ಈ ಸಂಚಿಕೆಯಲ್ಲಿ ಅವುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ಮನಸ್ಸಾಯಿತು.

ಶಾಲೆಯಲ್ಲಿದ್ದಾಗ ಪ್ರಶ್ನೆಪತ್ರಿಕೆಯು ವರ್ಷಕ್ಕೆ ಮೂರು ಬಾರಿ ಬರುತ್ತಿತ್ತು. ಅದಕ್ಕೆ ಪಾಠವೂ ಇತ್ತು, ಕಾಲಾವಕಾಶವೂ ಇತ್ತು, ‘ಯಾವುದಾದರೂ ಮೂರಕ್ಕೆ ಉತ್ತರಿಸಿರಿ’ ಎಂಬ ದಯೆಯೂ ಇತ್ತು. ಕಾಲೇಜು ಮುಗಿದ ಮರುದಿನದಿಂದ ಪ್ರಶ್ನೆಪತ್ರಿಕೆಯು ದಿನಕ್ಕೆ ಮೂರು ಬಾರಿ ಬರುತ್ತದೆ. ಪ್ರಶ್ನೆಯು ಒಂದೇ, ಮತ್ತು ಅದು ಕಡ್ಡಾಯವಾದುದು: ‘ಮುಂದೇನು?’ ಕೆಲಸವಿಲ್ಲದವಳನ್ನು ‘ಕೆಲಸ ಸಿಕ್ಕಿತೆ?’ ಎಂದು ಕೇಳುತ್ತಾರೆ. ಸಿಕ್ಕಿದವಳನ್ನು ‘ಸಂಬಳವೆಷ್ಟು?’ ಎಂದು ಕೇಳುತ್ತಾರೆ. ಸಂಬಳವನ್ನು ಹೇಳಿದವಳನ್ನು ‘ಮದುವೆ ಯಾವಾಗ?’ ಎಂದೂ, ಮದುವೆಯಾದವಳನ್ನು ‘ಏನಾದರೂ ವಿಶೇಷ ಉಂಟೆ?’ ಎಂದೂ, ವಿಶೇಷವೂ ಆದವಳನ್ನು ‘ಮಗುವನ್ನು ಯಾವ ಶಾಲೆಗೆ ಸೇರಿಸುವಿರಿ?’ ಎಂದೂ ಕೇಳುತ್ತಾರೆ. ಹೀಗೆ ಪ್ರಶ್ನೆಯು ಸುತ್ತಿ ಬಳಸಿ ಪುನಃ ಶಾಲೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಕೆಲಸವನ್ನು ಹುಡುಕಹೊರಟವಳ ಪಾಡು ಇನ್ನೂ ಸ್ವಾರಸ್ಯವಾದುದು. ಜಾಹೀರಾತಿನಲ್ಲಿ ‘ಎರಡು ವರ್ಷಗಳ ಅನುಭವವುಳ್ಳವರು ಬೇಕು’ ಎಂದಿರುತ್ತದೆ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯನ್ನು ಮಾಡಿದ ಹಿರಿಯರು ಉದ್ಯೋಗದ ಜಾಹೀರಾತುಗಳನ್ನು ಮುಂಗಂಡಿದ್ದರೆಂದೇ ನನ್ನ ನಂಬಿಕೆ. ಕೆಲಸವನ್ನು ಕೊಡುವವರು ಹೀಗಿರಲಾಗಿ, ಸಾಲವನ್ನು ಕೊಡುವವರು ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ದೂರವಾಣಿಯಲ್ಲಿ ಕರೆದು, ಅನುಭವವನ್ನು ಕೇಳದೆ, ಐದು ಲಕ್ಷ ಬೇಕೇ ಎಂದು ಪ್ರೀತಿಯಿಂದ ವಿಚಾರಿಸುತ್ತಾರೆ.

ಇನ್ನು ನಮ್ಮ ಪಶ್ಚಿಮ ಬೆಂಗಳೂರಿನ ವಿಶೇಷಗಳನ್ನು ನೋಡೋಣ. ರಾಜಾಜಿನಗರದಲ್ಲಿ ನೆಂಟರ ಮನೆಯೊಂದನ್ನು ಹುಡುಕುವುದು ಬೀಜಗಣಿತದ ಒಂದು ಲೆಕ್ಕವೇ ಸರಿ. ಬ್ಲಾಕು ಎಷ್ಟನೆಯದು, ಮೈನು ಎಷ್ಟನೆಯದು, ಕ್ರಾಸು ಎಷ್ಟನೆಯದು ಎಂಬ ಮೂರು ಅವ್ಯಕ್ತಗಳನ್ನು ಬಿಡಿಸಿದ ಮೇಲೂ ‘ಹಾಗೆಯೇ ಮುಂದೆ ಹೋಗಿ, ಯಾರನ್ನಾದರೂ ಕೇಳಿ’ ಎಂಬ ಉತ್ತರವೇ ಬರುತ್ತದೆ. ಬಸವೇಶ್ವರನಗರದವರ ಸ್ಥಿತಿ ಬೇರೆ. ಮೂಡಲಲ್ಲಿ ರಾಜಾಜಿನಗರದ ಹಸಿರು ಮಾರ್ಗದ ಮೆಟ್ರೋ ೨೦೧೪ರಲ್ಲಿ ಬಂದಿತು. ತೆಂಕಲಲ್ಲಿ ವಿಜಯನಗರದ ನೇರಳೆ ಮಾರ್ಗದ ಮೆಟ್ರೋ ೨೦೧೫ರಲ್ಲಿ ಬಂದಿತು. ನಡುವೆ ಇರುವ ಇವರು ಎರಡಕ್ಕೂ ಆಟೋ ಹತ್ತಿಯೇ ಹೋಗಬೇಕು. ಇಬ್ಬರ ನೆಂಟ ಉಣ್ಣದೆ ಕೆಟ್ಟ ಎಂಬುದು ಇದಕ್ಕೇ. ೨೦೨೪ರ ಆಗಸ್ಟ್ ತಿಂಗಳಿನಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ ಹೋಗತಕ್ಕ ಮಾರ್ಗವನ್ನು ಕೇಂದ್ರ ಸಂಪುಟವು ಮಂಜೂರು ಮಾಡಿತಷ್ಟೆ. ಅದು ಬರುವ ತನಕ ಆಟೋ ಇದ್ದೇ ಇದೆ. ಆಟೋವಿನ ದರವು ೨೦೨೫ರ ಆಗಸ್ಟ್ ೧ರಿಂದ ಮೊದಲ ೨ ಕಿಲೋಮೀಟರಿಗೆ ೩೬ ರೂಪಾಯಿ, ಆಮೇಲೆ ಕಿಲೋಮೀಟರಿಗೆ ೧೮ ರೂಪಾಯಿ ಎಂದು ಗೊತ್ತಾಯಿತು. ಅಂದರೆ ೩ ಕಿಲೋಮೀಟರಿಗೆ ೫೪ ರೂಪಾಯಿ. ಈ ಲೆಕ್ಕವನ್ನು ಶಾಲೆಯಲ್ಲಿ ಕಲಿತ ನಾವು ಹೇಳಿದರೆ, ಚಾಲಕ ಮಹಾಶಯನು ಆಕಾಶವನ್ನು ನೋಡಿ, ಮೋಡವನ್ನು ಕಂಡು, ‘ನೂರು ಕೊಡಿ’ ಎನ್ನುತ್ತಾನೆ.

ಬಸ್ಸಿನ ವಿಷಯದಲ್ಲಿ ನಾವು ಕೃತಜ್ಞರಾಗಿರತಕ್ಕದ್ದು. ೨೦೨೩ರ ಜೂನ್ ೧೧ರಂದು ‘ಶಕ್ತಿ’ ಯೋಜನೆಯು ಆರಂಭವಾದ ಮೇಲೆ ಹೆಂಗಸರು ಸರಕಾರದ ಸಾಧಾರಣ ಬಸ್ಸುಗಳಲ್ಲಿ ಹಣವಿಲ್ಲದೆ ಪ್ರಯಾಣ ಮಾಡುತ್ತಾರೆ. ಕಂಡಕ್ಟರು ಸೊನ್ನೆಯ ಟಿಕೀಟನ್ನು ಹರಿದು ಕೊಡುತ್ತಾನೆ. ಕೂಲಿಗೆ ಹೋಗುವ ಎಷ್ಟೋ ಮಂದಿ ತಾಯಂದಿರಿಗೆ ಇದು ದೊಡ್ಡ ಉಪಕಾರ. ಆದರೆ ಹಾವನೂರು ವೃತ್ತದಲ್ಲಿ ಮುಕ್ಕಾಲು ಗಂಟೆ ನಿಂತವಳು ಕೊಟ್ಟ ಬೆಲೆಯು ಯಾವ ಟಿಕೀಟಿನ ಮೇಲೂ ಅಚ್ಚಾಗುವುದಿಲ್ಲ. ಹೆಂಗಸಿನ ಹಣಕ್ಕೆ ಲೆಕ್ಕ ಬಂದಿತು. ಹೆಂಗಸಿನ ಹೊತ್ತಿಗೆ ಇನ್ನೂ ಬಂದಿಲ್ಲ.

ಈ ಯಾವತ್ತೂ ಕಿರುಕುಳಗಳಿಗೆ ನಮ್ಮ ಊರು ಒಂದೇ ಮದ್ದನ್ನು ಕಂಡುಹಿಡಿದಿದೆ. ಅದನ್ನು ಓದುಗರು ಆಗಲೇ ಊಹಿಸಿರಬಹುದು: ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.’ ಇಬ್ಬರ ಆಸನದಲ್ಲಿ ಮೂರನೆಯವಳು ಕೂಡುವಾಗ ಈ ಮಾತು. ಪಕ್ಕದ ಮನೆಯವರು ನಮ್ಮ ಗೇಟಿನ ಎದುರಿಗೆ ಕಾರನ್ನು ನಿಲ್ಲಿಸುವಾಗಲೂ ಈ ಮಾತು. ನೀರು ಬಾರದ ದಿನವೂ, ಸಂಬಳ ಬಾರದ ತಿಂಗಳೂ ಇದೇ ಮಾತು. ಇದು ಕನ್ನಡವೋ ಇಂಗ್ಲಿಷೋ ಎಂಬುದನ್ನು ಪಂಡಿತರು ನಿರ್ಣಯಿಸಲಿ. ಬೆಂಗಳೂರಿನ ಮೂಲಮಂತ್ರವೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಈ ಮಂತ್ರದ ಉಪದೇಶವು ಎಲ್ಲರಿಗೂ ಸಮವಾಗಿ ಆಗುವುದಿಲ್ಲ. ಹುಡುಗನು ‘ಇದು ಸರಿಯಲ್ಲ’ ಎಂದರೆ ಅವನು ಚುರುಕಾದವನು. ಹುಡುಗಿಯು ಅದನ್ನೇ ಎಂದರೆ ಅವಳು ಜಗಳಗಂಟಿ. ‘ಹೋದ ಮನೆಯಲ್ಲಿ ಹೊಂದಿಕೊಂಡು ಹೋಗಬೇಕು’ ಎಂದು ಅವಳಿಗೆ ಎಂಟನೆಯ ವರ್ಷದಿಂದ ಹೇಳುತ್ತಾ ಬರುತ್ತೇವೆ. ಹೀಗಾಗಿ, ನಮ್ಮಲ್ಲಿ ಎಷ್ಟೋ ಮಂದಿ ಪದವಿಯ ಪ್ರಮಾಣಪತ್ರವನ್ನು ಒಂದು ಕೈಯಲ್ಲಿಯೂ, ಈ ವಿದ್ಯೆಯನ್ನು ಮತ್ತೊಂದು ಕೈಯಲ್ಲಿಯೂ ಹಿಡಿದು ಕಾಲೇಜಿನಿಂದ ಹೊರಬರುತ್ತೇವೆ. ಮೊದಲನೆಯದನ್ನು ಬೀರುವಿನಲ್ಲಿಟ್ಟು ಎರಡನೆಯದರಿಂದ ಜೀವನ ಮಾಡುತ್ತೇವೆ.

ಹೊಂದಿಕೆಯು ದುರ್ಗುಣವೆಂದು ನಾನು ಹೇಳುವುದಿಲ್ಲ. ಅದರಲ್ಲಿ ಎರಡು ಜಾತಿಗಳುಂಟೆಂದು ಮಾತ್ರ ಹೇಳುತ್ತೇನೆ. ನಾನು ಸರಿದು ಕೂತುದರಿಂದ ಕೂಸನ್ನೆತ್ತಿದ ಒಬ್ಬ ತಾಯಿಗೆ ಸ್ಥಳ ದೊರೆಯಿತಾದರೆ ಅದು ಸೌಜನ್ಯ. ನಾನು ಸರಿದು ಕೂತುದರಿಂದ ಮತ್ತೊಬ್ಬರ ಸೋಮಾರಿತನಕ್ಕೆ ಸ್ಥಳ ದೊರೆಯಿತಾದರೆ ಅದು ಸೌಜನ್ಯವಲ್ಲ. ಮೊದಲನೆಯ ಜಾತಿಯ ಕಿರುಕುಳಗಳಿಗೆ ನಗೆಯೇ ಮದ್ದು. ಪಕ್ಕದ ಮನೆಯ ಮಿಕ್ಸಿ, ಅತ್ತೆಯ ತಂಗಿಯ ‘ವಿಶೇಷ ಉಂಟೆ?’, ಬಟ್ಟೆ ಒಣಹಾಕಿದ ಕೂಡಲೆ ಬರುವ ಮಳೆ, ಇವುಗಳ ಮೇಲೆ ಅರ್ಜಿ ಕೊಡುವುದಕ್ಕಾಗುವುದಿಲ್ಲ. ೧೯೪೨ರಲ್ಲಿ ಡಾಕ್ಟರ್ ಎಂ. ಶಿವರಾಂ ಅವರು ‘ಕೊರವಂಜಿ’ಯನ್ನು ಹೊರಡಿಸಿದಾಗ, ಅದರಲ್ಲಿ ಬರೆದ ಟಿ. ಸುನಂದಮ್ಮನವರು ಮನೆಯೊಳಗಿನ ಇಂತಹ ಸಣ್ಣ ಸಂಗತಿಗಳನ್ನೇ ಹಾಸ್ಯವಾಗಿ ಮಾಡಿ ಕನ್ನಡ ಹೆಣ್ಣುಮಕ್ಕಳಿಗೆ ನಗುವ ಧೈರ್ಯವನ್ನು ಕೊಟ್ಟರು. ನಗುವವಳನ್ನು ಕಿರುಕುಳವು ಸೋಲಿಸಲಾರದು.

ಎರಡನೆಯ ಜಾತಿಯದು ನಗೆಗೆ ಸಲ್ಲತಕ್ಕದ್ದಲ್ಲ. ಅದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ, ಕೆಂಗೇರಿಯ ತನಕ ಹೋದರೆ ಸಾಕು. ಮೈಸೂರಿಗೆ ರೈಲಿನಲ್ಲಿ ಹೋಗುವವರು ಕಣ್ಣು ಮುಚ್ಚಿಕೊಂಡಿದ್ದರೂ ‘ಕೆಂಗೇರಿ ಬಂತು’ ಎನ್ನುವರಷ್ಟೆ. ವೃಷಭಾವತಿಯೆಂಬುದು ನದಿಯ ಹೆಸರು. ಅದನ್ನು ನಾವು ಮೋರಿಯೆಂದು ಕರೆಯುತ್ತೇವೆ. ಒಂದು ತಲೆಮಾರಿನವರು ಕಿಟಕಿಯನ್ನು ಮುಚ್ಚಿದರು, ಮುಂದಿನವರು ಮೂಗಿಗೆ ಸೆರಗನ್ನು ಹಿಡಿದರು, ನಾವು ಕೈಯಲ್ಲಿರುವ ಫೋನನ್ನು ನೋಡುತ್ತಾ ಮರೆಯುತ್ತೇವೆ. ೨೦೨೧ರ ಆಗಸ್ಟ್ ತಿಂಗಳಿನಿಂದ ಮೆಟ್ರೋವೂ ಕೆಂಗೇರಿಗೆ ಹೋಗುತ್ತಿದೆ. ಅದರ ಕಿಟಕಿಗಳನ್ನು ತೆರೆಯುವಂತೆಯೇ ಇಲ್ಲವಾದುದರಿಂದ ಮುಚ್ಚುವ ಶ್ರಮವೂ ತಪ್ಪಿತು. ನಮ್ಮ ಮೂಗುಗಳು ಹೊಂದಿಕೊಂಡುವು, ನದಿಯು ಕೆಟ್ಟಿತು. ನಾವು ಹೊಂದಿಕೊಂಡ ಆ ನೀರು ಕೆಂಗೇರಿಯಲ್ಲಿಯೇ ನಿಲ್ಲುವುದಿಲ್ಲ. ಬಿಡದಿಯ ಬಳಿ ಬೈರಮಂಗಲದ ಕೆರೆಗೆ ಹೋಗಿ ಸೇರುತ್ತದೆ, ಅಲ್ಲಿಂದ ಹೊಲಗಳಿಗೆ ಹರಿಯುತ್ತದೆ. ಅಲ್ಲಿಯ ರೈತಮಹಿಳೆಯನ್ನು ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂದು ನಾವು ಯಾರೂ ಕೇಳಿಕೊಂಡವರಲ್ಲ. ಕೇಳದೆಯೇ ಅವಳ ಪಾಲಿಗೆ ಕಳುಹಿಸಿದೆವು. ನಾವು ನುಂಗಿಕೊಂಡ ಕಿರುಕುಳವು ಕರಗಿತೆಂದು ತಿಳಿಯುವುದು ಭ್ರಮೆ. ಅದು ನಮಗಿಂತ ಕೆಳಗಿರುವವರ ಬಾಗಿಲಿಗೆ ಹೋಗಿರುತ್ತದೆ.

ದೆವ್ವವು ಬಾರದಿರಲೆಂದು ನಮ್ಮ ಜನರು ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವೊಂದಿತ್ತು. ದೆವ್ವವು ಬಂದು ಓದಿಕೊಂಡು ಮರಳುವುದು, ಮರುದಿನ ಬಂದು ಪುನಃ ಓದಿಕೊಳ್ಳುವುದು. ಕೆಲವು ಕಛೇರಿಗಳಲ್ಲಿ ಪ್ರಜೆಗಳನ್ನು ಇದೇ ಉಪಾಯದಿಂದ ನಿವಾರಿಸುತ್ತಾರೆ. ದೃಢೀಕರಣ ಪತ್ರವೊಂದಕ್ಕಾಗಿ ನಾನು ಒಂದು ಕಛೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆನು. ನನ್ನ ಮುಂದೆ ಇಬ್ಬರು ಪದವೀಧರರು ‘ನಾಳೆ ಬನ್ನಿ’ ಎಂಬುದನ್ನು ಪ್ರಸಾದದಂತೆ ಸ್ವೀಕರಿಸಿ ಹೊರಟರು. ಅವರ ಹಿಂದೆ ಇದ್ದವಳು ಹೂ ಮಾರುವ ಹೆಂಗಸು. ಅವಳು ಹೊರಡಲಿಲ್ಲ. ‘ಅರ್ಜಿ ಇಸ್ಕೊಂಡ್ರಲ್ಲ ಸ್ವಾಮಿ, ನಂಬರ್ ಚೀಟಿ ಕೊಡಿ’ ಎಂದಳು. ಧ್ವನಿಯಲ್ಲಿ ಕೋಪವಿಲ್ಲ, ಬೇಡಿಕೆಯೂ ಇಲ್ಲ. ಮೊಳ ಹೂವಿಗೆ ಕಾಸು ಕೇಳುವ ಧ್ವನಿ. ಚೀಟಿ ಬಂದಿತು. ಅವಳ ಹಿಂದಿನವರೆಲ್ಲರಿಗೂ ಬಂದಿತು.

ಆ ಚೀಟಿಯ ಬಲವು ಅಲ್ಪವಾದುದಲ್ಲ. ‘ಸಕಾಲ’ವೆಂದು ಹೆಸರಾದ ಶಾಸನವು ೨೦೧೧ರಲ್ಲಿ ಆಯಿತು, ೨೦೧೨ರ ಏಪ್ರಿಲ್ ೨ರಿಂದ ನಮ್ಮ ರಾಜ್ಯದಲ್ಲೆಲ್ಲ ಜಾರಿಗೆ ಬಂದಿತು. ಅದರ ಮೇರೆಗೆ ಗೊತ್ತುಮಾಡಿದ ಸೇವೆಗಳಿಗೆ ಇಷ್ಟು ದಿನವೆಂಬ ಗಡುವುಂಟು. ಗಡುವು ಮೀರಿದರೆ ದಿನಕ್ಕೆ ೨೦ ರೂಪಾಯಿನಂತೆ, ೫೦೦ ರೂಪಾಯಿಗೆ ಮೀರದಂತೆ, ಅರ್ಜಿದಾರರು ಪರಿಹಾರವನ್ನು ಕೇಳಬಹುದು. ಇಪ್ಪತ್ತೈದು ದಿನಗಳಾದ ಮೇಲೆ ಕಾಯುವುದು ಪುನಃ ಧರ್ಮಾರ್ಥವೇ ಆಗುತ್ತದೆಂಬುದನ್ನು ಲೆಕ್ಕ ಬಲ್ಲವರು ಗಮನಿಸಿರಬಹುದು. ಆದರೂ ಪ್ರಜೆಯ ಒಂದು ದಿನಕ್ಕೆ ಬೆಲೆಯುಂಟೆಂದು ಶಾಸನವು ಒಪ್ಪಿಕೊಂಡಿತಲ್ಲ, ಅದು ದೊಡ್ಡದು. ಹಾಗೆಯೇ ೨೦೦೫ರ ಮಾಹಿತಿ ಹಕ್ಕಿನ ಶಾಸನದಂತೆ ೧೦ ರೂಪಾಯಿ ಕೊಟ್ಟು ಪ್ರಶ್ನೆಯನ್ನು ಬರೆದು ಕೇಳಿದರೆ ಸಾಮಾನ್ಯವಾಗಿ ೩೦ ದಿನಗಳೊಳಗೆ ಉತ್ತರವನ್ನು ಕೊಡತಕ್ಕದ್ದು. ಕಾಲೇಜು ಬಿಟ್ಟಂದಿನಿಂದ ‘ಮುಂದೇನು?’ ಎಂಬುದಕ್ಕೆ ಉತ್ತರಿಸಿ ದಣಿದ ನಮಗೆ, ನಾವೂ ಒಂದು ಪ್ರಶ್ನೆಪತ್ರಿಕೆಯನ್ನು ಕೊಡಬಹುದೆಂಬುದು ಎಂತಹ ಸಮಾಧಾನ! ನೀರಿನ ವಿಷಯಕ್ಕೆ ೧೯೧೬, ವಿದ್ಯುತ್ತಿನ ವಿಷಯಕ್ಕೆ ೧೯೧೨, ಅಂಗಡಿಯವರ ಮೋಸಕ್ಕೆ ೧೯೧೫ ಎಂಬ ದೂರವಾಣಿ ಸಂಖ್ಯೆಗಳೂ ಇವೆ. ೨೦೨೫ರ ಸೆಪ್ಟೆಂಬರ್ ೨ರಿಂದ ಬೆಂಗಳೂರಿನ ಪಾಲಿಕೆಯು ಐದಾಗಿ, ರಾಜಾಜಿನಗರ, ವಿಜಯನಗರಗಳು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ರಸ್ತೆಯ ಗುಂಡಿಗೆ ತಾನು ಯಾರ ಪಾಲಿಗೆ ಬಂದೆನೆಂದು ತಿಳಿಯದಿದ್ದರೂ ಚಿಂತೆಯಿಲ್ಲ, ಅದರಲ್ಲಿ ಬೀಳತಕ್ಕ ನಮಗೆ ತಿಳಿದಿರಬೇಕು.

‘ಹೀಗೆ ದೂರುತ್ತಾ ಕುಳಿತರೆ ಸಂಸಾರ ನಡೆದೀತೆ?’ ಎಂದು ಯಾರಾದರೂ ಕೇಳಬಹುದು. ದೂರುವುದು ಬೇರೆ, ಗೊಣಗುವುದು ಬೇರೆ. ಗೊಣಗುವವಳು ತನಗೆ ಬೇಕಾದವರ ಕಿವಿಯನ್ನು ದಣಿಸುತ್ತಾಳೆ; ಬರೆದು ಕೇಳುವವಳು ಹೊಣೆಯುಳ್ಳವನ ಮೇಜನ್ನು ಮುಟ್ಟುತ್ತಾಳೆ. ಸಂಸಾರದ ಶಾಂತಿಗೆ ಎರಡನೆಯದೇ ಮೇಲು.

ಶಾಲೆಗಳು ಇದರಲ್ಲಿ ಮಾಡಬಹುದಾದ ಒಂದು ಕೆಲಸವುಂಟು. ಪತ್ರಲೇಖನದ ಪಾಠದಲ್ಲಿ ಹುಡುಗಿಯರು ಮೊದಲು ಕಲಿಯುವುದು ರಜೆಯ ಅರ್ಜಿ. ಜ್ವರ ಬಂದುದಕ್ಕೆ ಕ್ಷಮೆ ಬೇಡಿ, ಎರಡು ದಿನದ ದಯೆ ಕೋರಿ, ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಮುಗಿಸುತ್ತಾರೆ. ಅದರ ಜೊತೆಗೆ ಪ್ರತಿಯೊಬ್ಬ ಹುಡುಗಿಯೂ ಶಾಲೆ ಬಿಡುವುದಕ್ಕೆ ಮೊದಲು ತನ್ನ ಬೀದಿಯ ನಿಜವಾದ ಒಂದು ಕೊರತೆಯ ಮೇಲೆ ನಿಜವಾದ ಒಂದು ಪತ್ರವನ್ನು ಬರೆದು, ನಿಜವಾಗಿ ಕಳುಹಿಸಲಿ: ಎಲ್ಲಿ, ಯಾವಾಗಿನಿಂದ, ಏನು ಕೊರತೆ, ಎಷ್ಟು ದಿನದಲ್ಲಿ ಸರಿಯಾಗಬೇಕು. ಇಂದು ಬೀದಿಯ ದೀಪವನ್ನು ಕೇಳಲಾರದವಳು ನಾಳೆ ದುಡಿದ ಸಂಬಳವನ್ನು ಕೇಳಲಾರಳು. ಅದನ್ನು ಕೇಳಲಾರದವಳು ತನ್ನ ಮೇಲೆ ಕೈಯೆತ್ತಿದವನನ್ನು ‘ನಿಲ್ಲು’ ಎನ್ನುವುದು ಹೇಗೆ? ಈ ಮೂರಕ್ಕೂ ಬೇಕಾದ ಸ್ವರವು ಒಂದೇ, ಅದು ಅಭ್ಯಾಸದಿಂದ ಬರತಕ್ಕದ್ದು.

ಹೆತ್ತವರಲ್ಲಿಯೂ ಒಂದು ಬಿನ್ನಹ. ಮಗಳು ಮನೆಗೆ ಬಂದು ‘ಅಮ್ಮಾ, ಇದು ಸರಿಯಿಲ್ಲ’ ಎಂದಾಗ ‘ಹೋಗಲಿ ಬಿಡು, ಹೊಂದಿಕೊ’ ಎಂಬ ಮಾತು ನಾಲಗೆಯ ತುದಿಗೆ ಬರುವುದು ಸಹಜ. ಅದನ್ನು ಅರೆಗಳಿಗೆ ತಡೆದು, ‘ನಗತಕ್ಕದ್ದೋ, ಬರೆಯತಕ್ಕದ್ದೋ?’ ಎಂದು ಕೇಳಿರಿ. ನಗತಕ್ಕದ್ದಾದರೆ ಇಬ್ಬರೂ ಕೂಡಿ ನಗಿರಿ. ಬರೆಯತಕ್ಕದ್ದಾದರೆ ಕಾಗದವನ್ನೂ ಲೇಖನಿಯನ್ನೂ ತೆಗೆದುಕೊಡಿರಿ. ಅರ್ಜಿಯ ಕೊನೆಯಲ್ಲಿ ‘ತಮ್ಮ ವಿಧೇಯ’ ಎಂದು ಬರೆಯಬೇಕಾದ ಅಗತ್ಯವೇನೂ ಇಲ್ಲ. ‘ಉತ್ತರದ ನಿರೀಕ್ಷೆಯಲ್ಲಿ’ ಎಂದು ಬರೆದು, ತಾರೀಖನ್ನು ಹಾಕಿ, ನಕಲೊಂದನ್ನು ಮನೆಯಲ್ಲಿಟ್ಟುಕೊಂಡರೆ ಸಾಕು.