ಬೀಗ ಹಾಕಿದ ಉದ್ಯಾನ ಯಾರಿಗಾಗಿ?

ನಮ್ಮ ನಗರಸಭೆಗಳ ಪಾಲಿಗೆ ಉದ್ಯಾನವೆಂದರೆ ಉದ್ಘಾಟನೆಯ ಶಿಲಾಫಲಕ, ಕಬ್ಬಿಣದ ಬೇಲಿ ಮತ್ತು ‘ಆಟವಾಡುವುದನ್ನು ನಿಷೇಧಿಸಲಾಗಿದೆ’ ಎಂಬ ಬರಹ. ವೈದ್ಯರು ನಡೆಯಿರಿ ಎನ್ನುತ್ತಾರೆ. ಆಡಳಿತವು ಬೀಗ ಜಡಿಯುತ್ತದೆ. ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜಿಸಿತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿರುವ ಕುಟುಂಬವು ಇದನ್ನು ಎಲ್ಲಿ ಪಾಲಿಸಬೇಕು?

ಬೇಲಿಯೊಳಗೆ ಹಸಿರು ಬೆಳೆಸಿದರಷ್ಟೇ ಸಾಲದು. ಬೆಳಗ್ಗೆ ಮತ್ತು ಸಂಜೆ ಮಾತ್ರ ತೆರೆಯುವ ಉದ್ಯಾನದಿಂದ, ಮನೆಗೆಲಸ ಮುಗಿಸಿ ಹನ್ನೊಂದಕ್ಕೆ ಬಿಡುವಾಗುವ ಗೃಹಿಣಿಗೆ ಏನು ಪ್ರಯೋಜನ? ದೀಪವಿಲ್ಲದ ಮೂಲೆಗಳು ಹೆಣ್ಣುಮಕ್ಕಳನ್ನು ದೂರವಿಡುತ್ತವೆ. ಶೌಚಾಲಯದ ಕೊರತೆ ವೃದ್ಧರನ್ನು, ಕಿರಿದಾದ ತಿರುಗು ಗೇಟು ಗಾಲಿಕುರ್ಚಿಯವರನ್ನು ಹೊರಗಟ್ಟುತ್ತದೆ. 2024ರಲ್ಲಿ ಬೆಂಗಳೂರು ಪಾಲಿಕೆಯು ತನ್ನ ಉದ್ಯಾನಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಿತು. ರಾಜಧಾನಿಯಲ್ಲಿ ಸಾಧ್ಯವೆನಿಸಿದ್ದು ಇತರ ಪಟ್ಟಣಗಳಲ್ಲೇಕೆ ಅಸಾಧ್ಯ?

ಹೆಣ್ಣುಮಕ್ಕಳಿಗೆ ಆಟದಲ್ಲಿ ಆಸಕ್ತಿಯಿಲ್ಲ ಎಂಬ ನೆಪವೊಂದಿದೆ. ಆಸ್ಟ್ರಿಯಾದ ವಿಯೆನ್ನಾ ನಗರವು ಅದನ್ನು ಸುಳ್ಳಾಗಿಸಿತು. ಒಂಬತ್ತು ವರ್ಷ ದಾಟಿದ ಬಾಲಕಿಯರು ಅಲ್ಲಿನ ಉದ್ಯಾನಗಳಿಂದ ಮರೆಯಾಗುತ್ತಿರುವುದನ್ನು 1990ರ ದಶಕದ ಅಧ್ಯಯನವೊಂದು ಗುರುತಿಸಿತು. ಇದ್ದ ಒಂದೇ ಅಂಗಳವನ್ನು ಬಾಲಕರು ಆಕ್ರಮಿಸಿಕೊಳ್ಳುತ್ತಿದ್ದರು. 1999ರಲ್ಲಿ ಎರಡು ಉದ್ಯಾನಗಳ ನಕ್ಷೆಯನ್ನು ಬದಲಿಸುವ ಕೆಲಸ ಆರಂಭವಾಯಿತು. ಕಾಲುದಾರಿಗಳನ್ನು ಹೆಚ್ಚಿಸಿ, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್ ಅಂಕಣಗಳನ್ನು ಸೇರಿಸಿ, ಬಯಲನ್ನು ಸಣ್ಣ ಭಾಗಗಳಾಗಿ ವಿಂಗಡಿಸಲಾಯಿತು. ಬಾಲಕಿಯರು ಮರಳಿ ಬಂದರು. ಅಂದರೆ ದೋಷ ಅವರದ್ದಾಗಿರಲಿಲ್ಲ, ನಕ್ಷೆಯದ್ದಾಗಿತ್ತು.

ಉದ್ಯಾನ ಮತ್ತು ಆಟದ ಮೈದಾನಗಳನ್ನು ಒದಗಿಸುವುದು ಸಂವಿಧಾನದ 12ನೇ ಅನುಸೂಚಿಯು ಪಟ್ಟಿ ಮಾಡಿರುವ ನಗರಾಡಳಿತದ ಕಾರ್ಯಗಳಲ್ಲೊಂದು. ಅವುಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಆದ್ದರಿಂದ ಇದು ಯಾರೋ ತೋರುವ ಔದಾರ್ಯವಲ್ಲ, ನಾಗರಿಕರ ಹಕ್ಕು.

ಮತ ಯಾಚಿಸಲು ಬರುವವರು ಚರಂಡಿ ಮತ್ತು ರಸ್ತೆಯ ಭರವಸೆಯನ್ನು ಕೊಡುತ್ತಾರೆ. ಅವರ ಮುಂದೆ ನಾವು ಇನ್ನೊಂದು ಬೇಡಿಕೆಯನ್ನೂ ಇಡಬೇಕಾಗಿದೆ: ಬುರ್ಖಾ ಧರಿಸಿದವರೂ ಸೀರೆಯುಟ್ಟವರೂ ನಿರ್ಭೀತಿಯಿಂದ ನಡೆಯಬಲ್ಲ, ಅಜ್ಜ ಕುಳಿತು ದಣಿವಾರಿಸಿಕೊಳ್ಳಬಲ್ಲ, ಮಗು ಚೆಂಡಿನ ಹಿಂದೆ ಓಡಬಲ್ಲ ಉದ್ಯಾನವು ಪ್ರತಿ ವಾರ್ಡಿಗೂ ಬೇಕು. ಔಷಧಿ ಅಂಗಡಿಗಳು ಬೀದಿಗೊಂದರಂತೆ ತೆರೆಯುತ್ತಿರುವಾಗ ಉದ್ಯಾನಕ್ಕೆ ಬೀಗ ಹಾಕುವ ಆಡಳಿತವನ್ನು ಪ್ರಶ್ನಿಸದಿರಲು ಸಾಧ್ಯವೇ?