ಒಂಬತ್ತನೆಯ ಕಾದಂಬರಿ ಯಾರದು?

ಚಿತ್ರದುರ್ಗದ ಅರಮನೆಯ ಕಥೆಗೆ ಕನ್ನಡದಲ್ಲಿ ಎಂಟು ಕಾದಂಬರಿಗಳಿವೆ. ಒಂದರ ಸೆರಗಿಗೆ ಇನ್ನೊಂದು ಗಂಟು ಬಿದ್ದು ಬಂದ ಎಂಟು. ಬರೆದವರು ತ.ರಾ. ಸುಬ್ಬರಾಯರು. ಹೆಸರಿನ ಮೊದಲಿಗಿರುವ 'ತ' ಅಂದರೆ ತಳುಕು, ನಮ್ಮ ಚಳ್ಳಕೆರೆ ತಾಲೂಕಿನ ತಳುಕು. ದಳವಾಯಿ ಮುದ್ದಣ್ಣನ ಒಳಸಂಚು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಮೂರು ಪುಸ್ತಕಗಳ ತುಂಬ ಹೆಡೆಯಾಡುತ್ತದೆ. ಕೊನೆಯದಾದ 'ದುರ್ಗಾಸ್ತಮಾನ' ಮದಕರಿನಾಯಕನ ಪತನದ ಕಥೆ. ತರಾಸು 1984ರಲ್ಲಿ ತೀರಿಕೊಂಡರು. ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನೂ ಇವನ್ನು ಓದಿದ್ದೇನೆ. ಊಟ ಬಿಟ್ಟು ಓದಿದ್ದೇನೆ. ಓದಿ ಮುಗಿಸಿದ ಮೇಲೆ ಕೇಳಬೇಕೆನಿಸಿದ್ದು ಒಂದೇ ಪ್ರಶ್ನೆ: ಈ ಎಂಟರ ಮುಂದಿನ ಪುಸ್ತಕ ಯಾರದು?

ನನ್ನ ಉತ್ತರ ಇದು. ಒಂಬತ್ತನೆಯದು ಕಸುಬುದಾರನ ಮಗನದು. ಅರಮನೆಯ ಸಂಚಿನ ನಡುವೆ ಸಿಕ್ಕಿಬಿದ್ದ ಮಗ್ಗದ ಹುಡುಗನದು, ಉಳಿ ಹಿಡಿದ ಹುಡುಗನದು, ತೊಗಲು ಹದ ಮಾಡುವ ಹುಡುಗನದು. "ಅಂಥದೆಲ್ಲ ಮಾಯಾಲೋಕದ ಕಾದಂಬರಿಗೆ ಸರಿ ಕಣಪ್ಪ, ಚರಿತ್ರೆಯಲ್ಲಿ ಎಲ್ಲಿ ಬರ್ತಾನೆ ಅವನು?" ಅನ್ನುವ ಪಂಡಿತರಿದ್ದಾರೆ. ಅವರ ಜೊತೆಗೇ ನನ್ನ ಜಗಳ.

ಮೊದಲೇ ಹೇಳಿಬಿಡುತ್ತೇನೆ, ತರಾಸು ನಮ್ಮ ಹಗೆಯಲ್ಲ. ಪ್ರಗತಿಶೀಲ ಚಳವಳಿಯ ಮುಂಚೂಣಿಯಲ್ಲಿದ್ದ ಮನುಷ್ಯ ಆತ. ದುರ್ಗದ ನಾಯಕರೂ ಆಕಾಶದಿಂದ ಉದುರಿದ ಸೂರ್ಯವಂಶದವರಲ್ಲ. ಬೇಡ ಕುಲದವರು. ಬೇಟೆಯಾಡುವ, ದನ ಕಾಯುವ ಜನದ ನಡುವಿನಿಂದ ಎದ್ದು ಬಂದು ಏಳು ಸುತ್ತಿನ ಕೋಟೆಯೊಳಗೆ ಕೂತವರು. ಅವರ ಬಗ್ಗೆ ಒಂದಲ್ಲ ಎಂಟು ಕಾದಂಬರಿ ಬಂದದ್ದು ಸಣ್ಣ ಮಾತಲ್ಲ. ಮೊಳಕಾಲ್ಮುರಿನ ಮ್ಯಾಸಬೇಡರ ಹುಡುಗ ಆ ಪುಸ್ತಕ ಹಿಡಿದು ಎದೆ ಉಬ್ಬಿಸಿದರೆ ಅದು ಅವನ ಹಕ್ಕು.

ಆದರೆ ಸ್ವಾಮಿ, ಕುಲ ಯಾವುದಾದರೇನು, ಅರಮನೆ ಅರಮನೆಯೇ. ಕಥೆ ಅರಮನೆಯ ಹೊಸ್ತಿಲೊಳಗೆ ಕಾಲಿಟ್ಟ ಕೂಡಲೇ ನಾಯಕ, ದಳವಾಯಿ, ಪ್ರಧಾನಿ, ರಾಣಿ ಎಂಬ ನಾಲ್ಕು ಕಂಬದ ನಡುವೆ ಗಿರಕಿ ಹೊಡೆಯುತ್ತದೆ. ಕೋಟೆಯ ಬಂಡೆ ಸೀಳಿದವರು ಯಾರು? ಮದ್ದು ಬೀಸುತ್ತಿದ್ದ ಗುಂಡಿ ಇವತ್ತಿಗೂ ಕೋಟೆಯಲ್ಲಿದೆ, ಭಾರಿ ಬೀಸುಗಲ್ಲುಗಳಿವೆ. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ಹಿಡಿಸಿಕೊಳ್ಳುತ್ತಾರೆ. ಆ ಕಲ್ಲು ತಿರುಗಿಸಿದ ಕೈಗಳು ಯಾವುವು? ಕುದುರೆಯ ಜೀನು ಹೊಲಿದವನು, ಕತ್ತಿಗೆ ಒರೆ ಕಟ್ಟಿದವನು, ಯುದ್ಧದ ತಮಟೆಗೆ ಚರ್ಮ ಬಿಗಿದವನು, ಕಾವಲುಗಾರನ ಮೈಗೆ ಚಳಿಗಾಲಕ್ಕೊಂದು ಕಂಬಳಿ ನೇಯ್ದವನು, ಇವರೆಲ್ಲ ಕೋಟೆಯ ಎಷ್ಟನೆಯ ಸುತ್ತಿನ ಹೊರಗಿದ್ದರು?

"ಅವರ ಬಗ್ಗೆ ದಾಖಲೆ ಇಲ್ಲವಲ್ಲ?" ಇದು ಪಂಡಿತರ ಹಳೆಯ ರಾಗ. ಸರಿ, ಹಾಗಾದರೆ ಕೇಳ್ತೀನಿ. ನಡುರಾತ್ರಿ ದಳವಾಯಿ ತನ್ನ ತಮ್ಮನ ಕಿವಿಯಲ್ಲಿ ಉಸುರಿದ್ದಕ್ಕೆ ಯಾವ ಶಾಸನ ಸಾಕ್ಷಿ? ರಾಣಿ ಕಣ್ಣೀರಿಟ್ಟದ್ದನ್ನು ಯಾವ ಕಡತ ಬರೆದಿಟ್ಟಿತು? ಕಾದಂಬರಿಕಾರ ಕಲ್ಪಿಸಿಕೊಂಡ. ಕಲ್ಪಿಸಿಕೊಳ್ಳುವುದು ಅವನ ಕಸುಬು, ತಪ್ಪೇನಿಲ್ಲ. ಅರಮನೆಯ ಅಂತಃಪುರಕ್ಕೆ ಕಲ್ಪನೆಯನ್ನು ಕೊಡಗಟ್ಟಲೆ ಸುರಿದವರು ಕೇರಿಯ ಬಾಗಿಲಿಗೆ ಬಂದ ಕೂಡಲೇ ದಾಖಲೆ ಕೇಳುತ್ತಾರಲ್ಲ, ತಪ್ಪು ಅಲ್ಲಿದೆ.

ಅದೂ ಹೋಗಲಿ. ತರಾಸು ಅವರೇ 'ಹಂಸಗೀತೆ' ಬರೆದರು. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ದೊರೆಯ ಅಪ್ಪಣೆಗೆ ಹಾಡಲಾರೆನೆಂದು ನಾಲಗೆಯನ್ನೇ ಕತ್ತರಿಸಿಕೊಂಡ ಕಲಾವಿದ. ಆ ಕಥೆ 1956ರಲ್ಲಿ 'ಬಸಂತ್ ಬಹಾರ್' ಎಂಬ ಹಿಂದಿ ಚಿತ್ರವಾಯಿತು, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲೇ ತೆಗೆದರು. ಅಂದರೆ ಅರಸೊತ್ತಿಗೆಯ ಎದುರು ನಿಂತ ಕಲೆಗಾರ ಕಾದಂಬರಿಯ ನಾಯಕನಾಗಬಲ್ಲ, ಜನ ಕಣ್ಣೊರೆಸಿಕೊಂಡು ನೋಡಬಲ್ಲರು ಅನ್ನೋದು ರುಜುವಾತಾಗಿದೆ. ಹಾಡುವವನಿಗೆ ಇರುವ ಆತ್ಮಗೌರವ ನೇಯುವವನಿಗೆ ಇರಲಿಲ್ಲವೇ? ದೊರೆಗೆ ಪಟ್ಟೆ ನೇಯಲಾರೆನೆಂದು ಮಗ್ಗದ ನೂಲು ಕೊಯ್ದುಹಾಕಿದವನು, ಬಿಟ್ಟಿಗೆ ಜೋಡು ಹೊಲಿಯಲಾರೆನೆಂದು ಉಳಿ ಎಸೆದವನು ಒಬ್ಬನೂ ಹುಟ್ಟಲಿಲ್ಲವೇ? ಹಾಡಿದರೆ ಕಲೆ, ನೇಯ್ದರೆ ಕೂಲಿ, ಹೊಲಿದರೆ ಮೈಲಿಗೆ. ಕಲಾವಿದ, ಕಸುಬುದಾರ ಎಂದು ಎರಡು ಪದ ಮಾಡಿಟ್ಟವರು ಪಂಕ್ತಿಯಲ್ಲಿ ಎರಡು ಎಲೆ ಹಾಕಿದವರೇ.

ಈಗ ದಾಖಲೆಯ ಮಾತಿಗೇ ಬರೋಣ. ದಾಖಲೆ ಬೇಕಾದವರು ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಗೆ ಬರಲಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಬಂಡೆಗಲ್ಲಿನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ, ಮಹಾಮಾತ್ರರ ಮೂಲಕ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಅಪ್ಪಣೆ. ಅದರ ತಿರುಳೇನು ಗೊತ್ತೇ? ಪ್ರಯತ್ನದ ಫಲ ದೊಡ್ಡವರ ಸೊತ್ತಲ್ಲ, ಸಣ್ಣವರೂ ಪಡೆಯಬಹುದು ಎಂಬುದು. ನಮ್ಮ ತಾಲೂಕಿನ ಬಂಡೆಯ ಮೇಲೆ ಸುಮಾರು ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಕೆತ್ತಿದ ಮಾತು.

ಶಾಸನದ ಕೊನೆಗೆ ಒಂದು ಹೆಸರಿದೆ: ಚಪಡ. ಲಿಪಿಕಾರ. ಬರೆದವನು ತಾನು ಎಂದು ಹೇಳಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮೀಲಿಪಿಯಲ್ಲಿದ್ದರೆ ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮುರು! ಚಕ್ರವರ್ತಿಯ ಅಪ್ಪಣೆಯ ಬಾಲದಲ್ಲಿ ಒಬ್ಬ ಕೆಲಸಗಾರ ತನ್ನ ಗುರುತು ಒತ್ತಿ ಹೋಗಿದ್ದಾನೆ. ಉಳಿ ಹಿಡಿದು ಬಂಡೆ ಕೊರೆದವನೂ ಅವನೇನಾ, ಬೇರೆಯವನಾ, ಬಂಡೆ ಬಾಯಿಬಿಡುವುದಿಲ್ಲ. ಅಕ್ಷರ ಬಲ್ಲವನ ಹೆಸರು ಉಳಿಯಿತು. ಅಕ್ಷರ ಬಾರದವನೊಬ್ಬ ಪಕ್ಕದಲ್ಲಿ ಕಲ್ಲಿನ ಪುಡಿ ಊದುತ್ತ ನಿಂತಿದ್ದರೆ ಅವನು ಧೂಳಾಗಿ ಹೋದ. ಕಾದಂಬರಿ ಹುಟ್ಟಬೇಕಾದದ್ದು ಸರಿಯಾಗಿ ಈ ಜಾಗದಲ್ಲಿ.

"ಒನಕೆ ಓಬವ್ವ ಇದ್ದಾಳಲ್ಲ, ನಿಮ್ಮವಳೇ" ಎಂದು ಸಮಾಧಾನ ಹೇಳುತ್ತಾರೆ. ಹೌದು, ನಮ್ಮವಳೇ. ಛಲವಾದಿ ಹೆಣ್ಣುಮಗಳು, ಕಹಳೆ ಊದುವ ಕಾವಲುಗಾರನ ಹೆಂಡತಿ. 1972ರ 'ನಾಗರಹಾವು' ಚಿತ್ರದಿಂದ ಮನೆಮನೆಗೆ ತಲುಪಿದಳು. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಮಾಡುತ್ತಿದೆ. ಸಂತೋಷ. ಆದರೆ ಅವಳನ್ನು ಒಳಗೆ ಬಿಟ್ಟುಕೊಂಡ ಷರತ್ತು ಗಮನಿಸಿ. ಭತ್ತ ಕುಟ್ಟುವ ಒನಕೆಯಿಂದ ಅರಸನ ಕೋಟೆ ಉಳಿಸಿದಳು, ಸತ್ತಳು, ಕಥೆ ಸೇರಿದಳು. ಅದೇ ಒನಕೆ ಹಿಡಿದು ಅರಮನೆಯ ಮುಂದೆ ನಿಂತು "ದಿನಾ ಕುಟ್ಟಿದ್ದಕ್ಕೆ ಕೂಲಿ ಎಲ್ಲಿ?" ಎಂದಿದ್ದರೆ? ಜಯಂತಿ ಇರುತ್ತಿತ್ತೇ? ಕೋಟೆಗಾಗಿ ಸಾಯುವವರಿಗೆ ಕಥೆಯಲ್ಲಿ ಜಾಗ ಇದೆ. ಕೋಟೆಯನ್ನು ಲೆಕ್ಕ ಕೇಳುವವರಿಗೆ ಇನ್ನೂ ಇಲ್ಲ.

ಇದೆಲ್ಲ ಹಳೆಯ ಕಾಲದ ಮಾತು, ಈಗೇಕೆ ಎನ್ನಬೇಡಿ. ಕಥೆಯಲ್ಲಿ ಹೆಸರಿಲ್ಲದವನಿಗೆ ಸಂತೆಯಲ್ಲೂ ಹೆಸರಿರುವುದಿಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಊರಿನ ಹೆಸರಿಗೆ ಕಾನೂನಿನ ಬೇಲಿ ಬಂತು, ಒಳ್ಳೆಯದೇ. ಒಡಲೊಂದು ಬಣ್ಣ, ಅಂಚೊಂದು ಬಣ್ಣ ಇರುವ ಸೀರೆಯನ್ನು ಕೈಮಗ್ಗದಲ್ಲಿ ನೇಯಲು ಮೂರು ಲಾಳಿ ಬೇಕು, ನೇಯುವವನ ಪಕ್ಕದಲ್ಲಿ ಇನ್ನೊಂದು ಕೈ ಬೇಕು. ಆ ಇನ್ನೊಂದು ಕೈ ಹೆಂಡತಿಯದು, ಇಲ್ಲವೇ ಸ್ಕೂಲು ಬಿಟ್ಟ ಮಗುವಿನದು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತವನ ಬೆನ್ನು, ಮೊಣಕಾಲು, ಕಣ್ಣು ಮೂರೂ ಸವೆಯುತ್ತವೆ. ಸೀರೆ ಬೆಂಗಳೂರಿನ ಗಾಜಿನ ಅಂಗಡಿ ಸೇರಿದ ಮೇಲೆ ಅದರ ಮೇಲೆ ಊರಿನ ಹೆಸರಿರುತ್ತದೆ, ಅಂಗಡಿಯ ಹೆಸರಿರುತ್ತದೆ. ನೇಯ್ದವನು ಮತ್ತೆ ಧೂಳು. ಅತ್ತ ವಿದ್ಯುತ್ ಮಗ್ಗ ಅದೇ ಅಂಚನ್ನು ಕದ್ದು, ಅವನು ವಾರಗಟ್ಟಲೆ ಕೂತು ಮಾಡಿದ್ದನ್ನು ದಿನಕ್ಕೆ ಮುಗಿಸಿ ಎಸೆಯುತ್ತದೆ.

ಚಳ್ಳಕೆರೆಯ ಕಂಬಳಿಯ ಪಾಡೂ ಅಷ್ಟೇ. ಕರಿಕುರಿಯ ಉಣ್ಣೆ ಕತ್ತರಿಸಿ, ನೂತು, ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿ. ಕಂಬಳಿಗೆ ಕುರಿ ಬೇಕು, ಕುರಿಗೆ ಹುಲ್ಲು ಬೇಕು, ಹುಲ್ಲಿಗೆ ಕಾವಲು ಬೇಕು. ಅಮೃತಮಹಲ್ ಕಾವಲುಗಳು ಮೈಸೂರು ದೊರೆಗಳ ಯುದ್ಧದ ದನಗಳಿಗೆಂದು ಕಾದಿಟ್ಟ ನೆಲ. ಜನ ಅಲ್ಲೇ ತಲೆಮಾರುಗಳಿಂದ ಕುರಿ ಮೇಯಿಸಿ ಬದುಕಿದರು. 2008ರ ನಂತರದ ವರ್ಷಗಳಲ್ಲಿ ಕುದಾಪುರ, ವರವು, ಉಳ್ಳಾರ್ತಿ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಗೋಡೆ ಎದ್ದಿತು. ಕುರಿ ಕಾಯುವವನಿಗೆ ಸುದ್ದಿ ಮುಟ್ಟಿದ್ದು ಗೋಡೆ ಕಂಡ ಮೇಲೆ. ಜನ ಬೀದಿಗಿಳಿದರು, ಹಸಿರು ನ್ಯಾಯಮಂಡಳಿಯ ತನಕ ಹೋದರು. ವಿಜ್ಞಾನ ಬೇಡ ಎಂದು ಯಾರೂ ಹೇಳಿರಲಿಲ್ಲ, ನಮ್ಮನ್ನೊಂದು ಮಾತು ಕೇಳಬೇಕಿತ್ತು ಎಂದಿದ್ದರು ಅಷ್ಟೇ. ಅರಮನೆಯ ಒಳಸಂಚು ಅಂದರೆ ಹಾಲಿಗೆ ವಿಷ ಹಾಕುವುದು ಎಂದು ಕಾದಂಬರಿಗಳು ನಮಗೆ ಕಲಿಸಿವೆ. ನಿಮ್ಮ ಅನ್ನದ ತೀರ್ಮಾನವನ್ನು ನೀವಿಲ್ಲದ ಕೋಣೆಯಲ್ಲಿ ಮುಗಿಸುವುದೂ ಒಳಸಂಚೇ. ಯಾವ ದಳವಾಯಿಯ ಸಂಚಿಗೂ ಇಷ್ಟು ಜನರ ಒಲೆ ಆರಿಸುವ ಶಕ್ತಿ ಇರಲಿಲ್ಲ.

ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕು. 'ಕಸುಬುದಾರ' ಎಂಬ ಒಂದು ಪದದ ಅಡಿ ಎಲ್ಲರನ್ನೂ ಒಟ್ಟು ಮಾಡಿ ಕಣ್ಣೀರು ಸುರಿಸಿದರೆ ಅದೂ ಸುಳ್ಳೇ. ನನ್ನ ತಾತ ಕಪಿಲೆ ಬಾವಿಗೆ ತೊಗಲಿನ ಬಾನಿ ಹೊಲಿಯುತ್ತಿದ್ದ, ಮಿಣಿ ಹೊಸೆಯುತ್ತಿದ್ದ. ಅವನು ಹೊಲಿದ ಬಾನಿಯಿಂದ ನೀರು ಮೇಲೆ ಬಂದು ಊರಿನ ಹೊಲಕ್ಕೆಲ್ಲ ಹರಿಯುತ್ತಿತ್ತು. ಅದೇ ಬಾವಿಯ ಮೆಟ್ಟಿಲು ಅವನು ಇಳಿಯುವಂತಿರಲಿಲ್ಲ. ತಡೆದವರು ದೊರೆಗಳಲ್ಲ. ನೇಯುವವನೂ ತಡೆದ, ಕಮ್ಮಾರನೂ ತಡೆದ, ಬಡಗಿಯೂ ತಡೆದ. ತೊಗಲಿನ ಬಾನಿ ಮುಟ್ಟಿದರೆ ಮೈಲಿಗೆಯಾಗದ ನೀರು ಹೊಲಿದವನ ಕೈ ತಾಗಿದರೆ ಮೈಲಿಗೆಯಾಗುತ್ತಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಮಗ್ಗದವನ ದುಃಖ ಬರೆಯುವಾಗ ನನ್ನ ಕೈ ನಡುಗುವುದಿಲ್ಲ, ಬಾವಿಯನ್ನೂ ಮರೆಯುವುದಿಲ್ಲ. ಒಂಬತ್ತನೆಯ ಕಾದಂಬರಿಯಲ್ಲಿ ಅರಮನೆ ಒಂದು ಕಡೆ, ಕಸುಬುದಾರರೆಲ್ಲ ಅಣ್ಣತಮ್ಮಂದಿರಾಗಿ ಇನ್ನೊಂದು ಕಡೆ ನಿಂತರೆ ಅದನ್ನು ನಾನು ನಂಬುವುದಿಲ್ಲ. ಕೇರಿಯ ಹುಡುಗ ಎರಡು ಜಗಳ ಆಡಬೇಕಾಗುತ್ತದೆ, ಒಂದು ಅರಮನೆಯ ಜೊತೆ, ಒಂದು ಬಾವಿಕಟ್ಟೆಯ ಜೊತೆ.

ಇಂಥದು ಬರೆಯಲು ನಮಗೆ ಮಾದರಿ ಇಲ್ಲವೆಂದು ಹೇಳಬೇಡಿ. ಕಾಡುಗೊಲ್ಲರು ದನ ಕಾದ ಜುಂಜಪ್ಪನನ್ನೇ ಮಹಾಕಾವ್ಯವಾಗಿ ಹಾಡಿದರು, ಮ್ಯಾಸಬೇಡರು ಗಾದ್ರಿ ಪಾಲನಾಯಕನನ್ನು ಹಾಡಿದರು. ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದೆಯೇ ಸಾವಿರಾರು ಹಾಡು ಎದೆಯಲ್ಲಿಟ್ಟುಕೊಂಡಿದ್ದಳು. ಸಿಂಹಾಸನವಿಲ್ಲದ ನಾಯಕರನ್ನು ಇಟ್ಟು ಕಥೆ ಕಟ್ಟುವ ವಿದ್ಯೆ ಈ ಬಯಲಿನಲ್ಲಿ ಯಾವತ್ತೂ ಇತ್ತು. ಅಚ್ಚಿನ ಮನೆಗೆ ಬಂದಾಗ ಅದನ್ನು ಜಾನಪದ ಎಂಬ ಹಿತ್ತಲಿಗೆ ಕಟ್ಟಿ, ನಡುಮನೆಯಲ್ಲಿ ಅರಸರನ್ನು ಕೂರಿಸಿದರು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಮಾತಾಡಿದ್ದಕ್ಕೆ ಊರೆಲ್ಲ ಬೆಂಕಿ ಹಚ್ಚಿದರು. ಆ ಮಾತಿನ ಒಳಗಿದ್ದ ಪ್ರಶ್ನೆಗೆ ಬೆಂಕಿ ಹಚ್ಚಿದವರು ಉತ್ತರ ಕೊಡಲಿಲ್ಲ. ನಾವು ಕೊಡೋಣ, ಬರೆದು ಕೊಡೋಣ.

ಅದಕ್ಕೇ ಗೆಳೆಯರೇ, ಎಂಟು ಕಾದಂಬರಿಗಳನ್ನು ಸುಡುವುದು ಬೇಡ, ಪೂಜಿಸುವುದೂ ಬೇಡ. ಓದಿ. ಅರಮನೆಯ ಒಂದೊಂದು ದೃಶ್ಯ ಬಂದಾಗಲೂ ಪುಟದ ಅಂಚಿನಲ್ಲಿ ಬರೆದಿಡಿ: ಈ ದೀಪಕ್ಕೆ ಎಣ್ಣೆ ಹಿಂಡಿದವರಾರು, ಈ ರಾಣಿಯ ಸೀರೆ ಯಾವ ಗುಂಡಿಮಗ್ಗದ್ದು, ಈ ಕುದುರೆಯ ಕಡಿವಾಣ ಹೊಲಿದವನಿಗೆ ಎಷ್ಟು ಕಾಳು ಸಿಕ್ಕಿತು. ಆಮೇಲೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಿ, ಮಗ್ಗದ ಮೇಲಿರುವ ಚಿಕ್ಕಪ್ಪನನ್ನು ಕೇಳಿ, ಕುರಿ ಮಾರಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಅಣ್ಣನಿಗೆ ಫೋನು ಮಾಡಿ ಕೇಳಿ. ಪದಗಳನ್ನು ಅವರ ಬಾಯಿಂದಲೇ ತೆಗೆದುಕೊಳ್ಳಿ. ಅಚ್ಚುಕಟ್ಟಾಗಿ ಬರಲಿಲ್ಲ ಎಂದು ಹರಿದುಹಾಕಬೇಡಿ. ಪಂಡಿತರು ವ್ಯಾಕರಣ ತಿದ್ದಲು ಬಂದರೆ ಕೂರಿಸಿ ನೀರು ಕೊಡಿ, ಹಸ್ತಪ್ರತಿ ಕೊಡಬೇಡಿ.

ಬರೆದು ಮುಗಿಸಿದ ದಿನ ಕೊನೆಯ ಪುಟದಲ್ಲಿ ಚಪಡನ ಹಾಗೆ ನಿಮ್ಮ ಹೆಸರು ಹಾಕಿ. ಹೆಸರಿನ ಪಕ್ಕಕ್ಕೆ ನಿಮ್ಮ ಅಪ್ಪನ ಕಸುಬನ್ನೂ ಬರೆಯಿರಿ.